ಟಿವಿ ಮುಂದಿನಿಂದ ಗ್ರಾಮಸಭೆಯ ಕಡೆಗೆ



ಮಠದ ಕಾರ್ಯಕ್ರಮಗಳಲ್ಲಿ ಭೇಟಿಯಾಗುವ ಹಿರಿಯರು ತಪ್ಪದೆ ಹೇಳುವ ಮಾತೊಂದಿದೆ: "ಈಗಿನ ಹುಡುಗರಿಗೆ ಊರ ಉಸಾಬರಿ ಬೇಕಿಲ್ಲ. ಮೊಬೈಲ್ ಕೈಗೆ ಬಂದರೆ ಲೋಕವೇ ಮರೆತುಹೋಗುತ್ತದೆ." ಹೀಗೆ ಹೇಳುವ ನಮ್ಮಂಥವರ ಮನೆಗಳಲ್ಲಿ ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಹಚ್ಚಿದ ಟಿವಿ ರಾತ್ರಿ ಊಟದವರೆಗೂ ಆರುವುದಿಲ್ಲ. ಯಾವ ಪಕ್ಷದಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ದೆಹಲಿಗೆ ಹೋದವರು ಯಾರು, ಬರಿಗೈಯಲ್ಲಿ ಮರಳಿದವರು ಯಾರು, ಎಲ್ಲವೂ ನಮಗೆ ಬಾಯಿಪಾಠ. ಆದರೆ ನಮ್ಮ ವಾರ್ಡಿನಲ್ಲಿ ಗ್ರಾಮ ಪಂಚಾಯಿತಿಯಿಂದ ಈ ವರ್ಷ ಯಾವ ಕಾಮಗಾರಿ ಆಯಿತು, ಅದಕ್ಕೆ ಎಷ್ಟು ಖರ್ಚಾಯಿತು ಎಂದು ಯಾರಾದರೂ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ರಾಜಕೀಯ ನೋಡಿದ ಮಾತ್ರಕ್ಕೆ ಒಳ್ಳೆಯ ನಾಗರಿಕರಾಗುವುದಾದರೆ ನಮ್ಮ ತಲೆಮಾರಿನಷ್ಟು ಒಳ್ಳೆಯ ನಾಗರಿಕರು ಬೇರೆ ಯಾರೂ ಇರಬಾರದಿತ್ತು.

ಹಾಗಾದರೆ ಟಿವಿಯಲ್ಲಿ ರಾಜಕೀಯ ನೋಡುವುದು ವ್ಯರ್ಥವೇ? ಅಲ್ಲ ಎಂಬುದು ನನ್ನ ಅನುಭವ. ಅದು ಯುವಕರಲ್ಲಿ ಒಂದು ಪ್ರಶ್ನೆಯನ್ನು ಎಬ್ಬಿಸಬಲ್ಲದು. ಎದ್ದ ಪ್ರಶ್ನೆಗೆ ಊರಿನಲ್ಲೇ ಕೇಳುವ ಜಾಗ ತೋರಿಸುವವರು ಬೇಕು. ಆ ಜಾಗ ತೋರಿಸುವ ಕೆಲಸವನ್ನು ನಮ್ಮ ಮಠಗಳು ಮಾಡಬಹುದು, ಮಾಡಬೇಕು ಎಂಬುದೇ ಈ ಸಂಚಿಕೆಯ ಅರಿಕೆ.

2019ರ ಜುಲೈ ತಿಂಗಳು. ಹೊನ್ನಾಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಮೆಕ್ಕೆಜೋಳ ಬಿತ್ತಿ ಮುಗಿದಿತ್ತು, ಎಲ್ಲರಿಗೂ ಸ್ವಲ್ಪ ಬಿಡುವು. ಅದೇ ವೇಳೆಗೆ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ವಿಶ್ವಾಸಮತ ಯಾಚಿಸಿದ್ದರು. 18ರ ಗುರುವಾರ ಆರಂಭವಾದ ಚರ್ಚೆ 23ರ ಮಂಗಳವಾರ ಸಂಜೆಯವರೆಗೂ ಎಳೆಯಿತು. ಬಸ್‌ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇದ್ದ ಟಿವಿಯ ಮುಂದೆ ಹತ್ತು ಹನ್ನೆರಡು ಹುಡುಗರು ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ಪದವಿ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ಅಡಕೆ ಚೇಣಿ ಮಾಡುವವರು, ಟ್ರ್ಯಾಕ್ಟರ್ ಓಡಿಸುವವರು, ಎಲ್ಲರೂ ಇದ್ದರು. ಮೊದಲ ದಿನ ಅವರಿಗೆ ಅದು ಕ್ರಿಕೆಟ್ ಮ್ಯಾಚಿನ ಹಾಗೆ. ಯಾರು ಗೆಲ್ಲುತ್ತಾರೆ ಎಂದು ಪಂದ್ಯ ಕಟ್ಟುವುದು, ತಮ್ಮ ಕಡೆಯವರು ಮಾತಾಡಿದಾಗ ಸಿಳ್ಳೆ ಹೊಡೆಯುವುದು.

ಎರಡನೇ ದಿನದಿಂದ ಹುಡುಗರ ಮಾತು ಬದಲಾಯಿತು. ವಿಪ್ ಎಂದರೇನು, ಅದನ್ನು ಮೀರಿದರೆ ಏನಾಗುತ್ತದೆ, ಕ್ರಿಯಾಲೋಪ ಎತ್ತಿದ ಕೂಡಲೇ ಚರ್ಚೆ ಯಾಕೆ ನಿಲ್ಲುತ್ತದೆ, ರಾಜ್ಯಪಾಲರು ಗಡುವು ಕೊಟ್ಟರೂ ಸಭಾಧ್ಯಕ್ಷರು ಯಾಕೆ ಒಪ್ಪುತ್ತಿಲ್ಲ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಒಬ್ಬ ಮೊಬೈಲಿನಲ್ಲಿ ಸಂವಿಧಾನದ ಹತ್ತನೇ ಅನುಸೂಚಿ ತೆಗೆದು ಗಟ್ಟಿಯಾಗಿ ಓದಿದ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ನಿಯಮ ಆ ಹೋಟೆಲಿನಲ್ಲಿ ಅಂದು ಮೊದಲ ಸಲ ಓದಿಸಿಕೊಂಡಿತೆಂದು ಕಾಣುತ್ತದೆ. ಯಾವ ಕಾಲೇಜಿನ ಪೌರನೀತಿ ತರಗತಿಯಲ್ಲೂ ನಾನು ಅಷ್ಟು ಗಮನ ಕಂಡಿರಲಿಲ್ಲ.

ಮಂಗಳವಾರ ಸಂಜೆ ಫಲಿತಾಂಶ ಬಂತು. ಪರ 99, ವಿರುದ್ಧ 105. ಸರ್ಕಾರ ಬಿತ್ತು. ಕೆಲವರು ಕುಣಿದರು, ಕೆಲವರು ಮುಖ ಸಣ್ಣ ಮಾಡಿಕೊಂಡು ಎದ್ದರು. ನನ್ನ ಅಳಿಯನ ಗೆಳೆಯನೊಬ್ಬ ಮಾತ್ರ ಎದ್ದಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದ: "ಮಾವ, ಅಲ್ಲಿ ಮುಖ್ಯಮಂತ್ರಿನೇ ಎದ್ದು ನಿಂತು ಉತ್ತರ ಕೊಡಬೇಕು. ನಮ್ಮ ಪಂಚಾಯ್ತಿಲಿ ಯಾರೂ ಯಾಕೆ ಕೊಡಲ್ಲ?"

"ಕೊಡಲೇಬೇಕು. ಅದಕ್ಕೇ ಗ್ರಾಮಸಭೆ ಇರೋದು. ಯಾವಾಗಾದ್ರೂ ಹೋಗಿದ್ದೀಯಾ?" ಎಂದೆ.

ಅವನು ಹೋಗಿರಲಿಲ್ಲ. ಅಲ್ಲಿದ್ದ ಒಬ್ಬರೂ ಹೋಗಿರಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ನಾನು ಹಲವು ಗ್ರಾಮಸಭೆಗಳಲ್ಲಿ ಇಲಾಖೆಯ ಪರವಾಗಿ ಕೂತಿದ್ದೇನೆ. ಹದಿನೈದು ಇಪ್ಪತ್ತು ಜನ ಸೇರಿದರೆ ಅದೇ ದೊಡ್ಡದು. ಅವರಲ್ಲಿ ಅರ್ಧ ಜನ ಮನೆ ಮಂಜೂರಾತಿಗೆ ಅರ್ಜಿ ಹಿಡಿದು ಬಂದವರು. ಕ್ರಿಯಾಯೋಜನೆಯನ್ನು ಯಾರಿಗೂ ಅರ್ಥವಾಗದ ವೇಗದಲ್ಲಿ ಓದಿ, ಟೀ ಬಿಸ್ಕತ್ತು ಕೊಟ್ಟು ಸಭೆ ಮುಗಿಸುತ್ತಿದ್ದೆವು. ಹಾಜರಿ ಪುಸ್ತಕ ಆಮೇಲೆ ಮನೆ ಮನೆಗೆ ಹೋಗಿ ಸಹಿ ತುಂಬಿಕೊಂಡು ಬರುವುದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದೆ. ಪ್ರಶ್ನೆ ಕೇಳುವವರು ಇಲ್ಲದ ಸಭೆ ಅಧಿಕಾರಿಗೆ ಬಹಳ ಹಿತ. ಅಂದು ಆ ಹುಡುಗ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಕಾನೂನಿನಲ್ಲಿದ್ದ ಉತ್ತರ, ನಾನು ಸೇವೆಯಲ್ಲಿ ಪಾಲಿಸಿದ ಉತ್ತರವಲ್ಲ.

ಕೆಲವು ತಿಂಗಳ ನಂತರ ಗ್ರಾಮಸಭೆಗೆ ಡಂಗುರ ಹೊಡೆದಾಗ ಆ ಹುಡುಗರಲ್ಲಿ ಏಳು ಜನ ಹೋದರು. ತಮ್ಮ ಬೀದಿಯ ಚರಂಡಿ ಕಾಮಗಾರಿಯ ಬಗ್ಗೆ ಮೂರೇ ಪ್ರಶ್ನೆ ಬರೆದುಕೊಂಡು ಹೋಗಿದ್ದರು: ಎಸ್ಟಿಮೇಟ್ ಎಷ್ಟು, ಉದ್ದ ಎಷ್ಟು, ಅಳತೆ ಬರೆದವರು ಯಾರು? ಕಡತ ತಾಲ್ಲೂಕು ಕಚೇರಿಯಲ್ಲಿದೆ ಎಂಬ ಉತ್ತರ ಬಂತು. ಹುಡುಗರು ಜಗಳವಾಡಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರು. ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ ನಕಲು ಬಂದ ಮೇಲೆ ನನ್ನ ಮನೆಗೆ ತಂದರು. ಅದನ್ನು ಓದುವುದು ಹೇಗೆಂದು ಹೇಳಿಕೊಟ್ಟೆ. ಅವರು ಟೇಪ್ ಹಿಡಿದು ಅಳೆದಾಗ ಪುಸ್ತಕದಲ್ಲಿದ್ದ ಉದ್ದಕ್ಕೂ ನೆಲದ ಮೇಲಿದ್ದ ಉದ್ದಕ್ಕೂ ಹದಿನಾರು ಮೀಟರ್ ವ್ಯತ್ಯಾಸ ಬಂತು. ಮುಂದಿನ ಗ್ರಾಮಸಭೆಯಲ್ಲಿ ಆ ಎರಡು ಅಂಕಿಗಳನ್ನು ಮಾತ್ರ ಓದಿದರು. ಒಂದು ತಿಂಗಳೊಳಗೆ ಉಳಿದ ಚರಂಡಿ ಕಟ್ಟಿಸಲಾಯಿತು.

ಯಾರೂ ಅಮಾನತಾಗಲಿಲ್ಲ. ಯಾವ ವಾಹಿನಿಯಲ್ಲೂ ಸುದ್ದಿ ಬರಲಿಲ್ಲ. ಆ ಹುಡುಗ 2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಸೋತ. ಆದರೂ ಗ್ರಾಮಸಭೆಗೆ ಹೋಗುವುದನ್ನು ಬಿಟ್ಟಿಲ್ಲ. ಆ ಹೋಟೆಲಿನ ಟಿವಿ ಮುಂದೆ ಕೂತಿದ್ದ ಹನ್ನೆರಡು ಜನರಲ್ಲಿ ಐವರು ಮತ್ತೆ ಎಂದೂ ಈ ಕಡೆ ತಲೆ ಹಾಕಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲರೂ ಬದಲಾಗುವುದಿಲ್ಲ. ಏಳು ಜನ ಬಂದರಲ್ಲ, ಒಂದು ಊರಿಗೆ ಅಷ್ಟು ಸಾಕು.

ನಮ್ಮ ದೇಶದಲ್ಲಿ ಟಿವಿ ಬಂದದ್ದೂ ಬರೀ ಮನರಂಜನೆಗಾಗಿ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಮ್ಮ ಇಸ್ರೋ ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. ನಮ್ಮ ರಾಜ್ಯದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮೂರು ಮೀಟರ್ ಅಗಲದ ತಂತಿಬಲೆಯ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಊರಿನವರು ಒಟ್ಟಿಗೆ ಕೂತು ನೋಡಬೇಕು, ಬೇಸಾಯ, ಆರೋಗ್ಯ, ಶಾಲೆಯ ವಿಷಯಗಳನ್ನು ತಿಳಿಯಬೇಕು ಎಂಬುದು ಉದ್ದೇಶ. ಇಂಜಿನಿಯರಿಂಗ್ ಓದುವಾಗ ನಾವು ಆ ಆಂಟೆನಾದ ಬಗ್ಗೆ ಬೆರಗಿನಿಂದ ಮಾತಾಡುತ್ತಿದ್ದೆವು. ಈಗ ಯೋಚಿಸಿದರೆ ಒಂದು ಪೆಟ್ಟಿಗೆಯ ಮುಂದೆ ಊರೇ ಕೂರುತ್ತಿತ್ತಲ್ಲ, ಅದು ಇನ್ನೂ ದೊಡ್ಡ ಸಂಗತಿ ಎನಿಸುತ್ತದೆ. ಇಂದು ಮನೆಯಲ್ಲಿ ನಾಲ್ಕು ಜನರ ಕೈಯಲ್ಲಿ ನಾಲ್ಕು ಪರದೆ, ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಸಂಸತ್ತು ಪರದೆಯ ಮೇಲೆ ಬಂದದ್ದು ನಿಧಾನವಾಗಿ. 1989ರ ಡಿಸೆಂಬರ್ 20ರಂದು ರಾಷ್ಟ್ರಪತಿಗಳ ಭಾಷಣವನ್ನು ಮೊದಲ ಸಲ ನೇರವಾಗಿ ತೋರಿಸಿದರು. 1991ರಲ್ಲಿ ಲೋಕಸಭೆಯ ಪ್ರಶ್ನೋತ್ತರ ಅವಧಿಯನ್ನು ಮುದ್ರಿಸಿ ಪ್ರಸಾರ ಮಾಡತೊಡಗಿದರು, 1994ರಲ್ಲಿ ನೇರ ಪ್ರಸಾರ ಬಂತು. 1996ರ ಮೇ ಕೊನೆಯಲ್ಲಿ ವಾಜಪೇಯಿಯವರ ಹದಿಮೂರು ದಿನಗಳ ಸರ್ಕಾರದ ವಿಶ್ವಾಸಮತ ಚರ್ಚೆ ನಡೆದಾಗ ನಮ್ಮ ಸರ್ಕಾರಿ ವಸತಿಗೃಹದಲ್ಲಿ ಟಿವಿ ಇದ್ದ ಮನೆಗೆ ಉಳಿದವರೆಲ್ಲ ಬಂದು ಸೇರಿದ್ದೆವು. ಅದಾದ ಕೆಲವೇ ದಿನಗಳಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು, ನಮ್ಮ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು. ಮರುವರ್ಷ 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯೂ ಆಯಿತು.

ಇದೇ ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಹೋಗಿ, ಅಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲ ಸದಸ್ಯರಾದರು. ಅವರಿಗೆ ಮತ ಹಾಕಿದ ಚನ್ನಗಿರಿ, ಹೊನ್ನಾಳಿಯ ರೈತರು ಆ ಮಾತನ್ನು ಕೇಳುವಂತಿರಲಿಲ್ಲ. ಪತ್ರಿಕೆಯಲ್ಲಿ ಓದಿದವರು ಹೇಳಿದ್ದನ್ನು ಕೇಳಿ ಹೆಮ್ಮೆಪಟ್ಟರು, ಅಷ್ಟೇ. ಇಂದು ನ್ಯಾಮತಿಯ ಕಾಲೇಜು ಹುಡುಗಿ ತನ್ನ ಸಂಸದರು ಸದನದಲ್ಲಿ ಏನು ಕೇಳಿದರು, ಮಂತ್ರಿಗಳು ಏನು ಉತ್ತರ ಕೊಟ್ಟರು ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು. 2006ರಲ್ಲಿ ಲೋಕಸಭೆಗೆಂದೇ ವಾಹಿನಿ ಬಂತು. 2021ರ ಸೆಪ್ಟೆಂಬರಿನಲ್ಲಿ ಲೋಕಸಭೆ, ರಾಜ್ಯಸಭೆಗಳ ವಾಹಿನಿಗಳನ್ನು ಸೇರಿಸಿ ಸಂಸದ್ ಟಿವಿ ಮಾಡಿದರು. ಪಟೇಲರ ಕಾಲದ ಮತದಾರನಿಗೆ ಇಲ್ಲದ ಭಾಗ್ಯ ಇದು. ನಾವು ಅದನ್ನು ಬಳಸುತ್ತಿಲ್ಲ.

ನೇರ ಪ್ರಸಾರದ ಬೆಲೆ ಏನೆಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಿದೆ. 2018ರ ಮೇ 19ರಂದು ನಮ್ಮ ವಿಧಾನಸಭೆಯಲ್ಲಿ ಬಹುಮತ ಸಾಬೀತಾಗಬೇಕಿತ್ತು. ಹಂಗಾಮಿ ಸಭಾಧ್ಯಕ್ಷರ ನೇಮಕದ ಬಗ್ಗೆ ತಕರಾರು ಬಂದಾಗ, ಕಲಾಪದ ನೇರ ಪ್ರಸಾರವಾದರೆ ಪಾರದರ್ಶಕತೆ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ಜನ ನೋಡುತ್ತಿದ್ದಾರೆ ಎಂಬುದೇ ಒಂದು ಕಾವಲು. ಆದರೆ 2019ರ ಅಕ್ಟೋಬರಿನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯ ಒಳಗೆ ಬಿಡದೆ, ದೂರದರ್ಶನದ ಮೂಲಕ ಬಂದ ದೃಶ್ಯಗಳನ್ನಷ್ಟೇ ಕೊಡುವ ವ್ಯವಸ್ಥೆ ಬಂತು. ನೋಡುವ ಹಕ್ಕು ಒಮ್ಮೆ ಸಿಕ್ಕಿದರೆ ಶಾಶ್ವತ ಎಂದು ಭಾವಿಸಬಾರದು. ನೋಡುವವರು ಕಡಿಮೆಯಾದರೆ ಬಾಗಿಲು ಮುಚ್ಚುವುದು ಸುಲಭ.

ಟಿವಿಯ ಕೇಡನ್ನು ನಾನು ಮರೆತಿಲ್ಲ. ರಾಬರ್ಟ್ ಪಟ್ನಮ್ ಎಂಬ ಅಮೆರಿಕದ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆ ದೇಶದ ಜನ ಸಂಘ ಸಂಸ್ಥೆ, ಸಭೆ ಸಮಾರಂಭಗಳಿಂದ ದೂರವಾಗಲು ಟಿವಿಯೂ ಒಂದು ದೊಡ್ಡ ಕಾರಣ ಎಂದು ತೋರಿಸಿದರು. ಅದೇ ಪುಸ್ತಕದಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದಾರೆ: ಮನರಂಜನೆಗೆಂದು ಸುಮ್ಮನೆ ಹಚ್ಚಿಟ್ಟು ನೋಡುವವರು ಸಾರ್ವಜನಿಕ ಕೆಲಸದಿಂದ ದೂರವಾಗುತ್ತಾರೆ, ಸುದ್ದಿಯನ್ನು ಗಮನವಿಟ್ಟು ನೋಡುವವರು ಉಳಿದವರಿಗಿಂತ ಹೆಚ್ಚು ತೊಡಗಿಕೊಂಡಿರುತ್ತಾರೆ. ಅಂದರೆ ಏನು ನೋಡುತ್ತೇವೆ, ಹೇಗೆ ನೋಡುತ್ತೇವೆ ಎಂಬುದರ ಮೇಲೆ ಫಲ ನಿಂತಿದೆ.

ನಮ್ಮಲ್ಲಿ ಆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಸದನದ ಕಲಾಪ ಬೇರೆ, ಸ್ಟುಡಿಯೋ ಚರ್ಚೆ ಬೇರೆ. ಸದನದಲ್ಲಿ ಮಾತಾಡಲು ಸರದಿ ಇದೆ, ನಿಯಮ ಇದೆ, ಆಡಿದ ಮಾತು ಕಡತಕ್ಕೆ ಹೋಗುತ್ತದೆ, ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಅಲ್ಲಿಯೂ ಗದ್ದಲ, ಬಾವಿಗಿಳಿಯುವುದು, ಕಾಗದ ಹರಿದೆಸೆಯುವುದು ಉಂಟು. ಆದರೂ ಒಂದು ಕ್ರಮ ಉಳಿದಿದೆ. ಸ್ಟುಡಿಯೋದಲ್ಲಿ ಐದಾರು ಜನ ಒಟ್ಟಿಗೆ ಕಿರುಚುತ್ತಾರೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಕೊನೆಗೆ ಜಾಹೀರಾತು ಬರುತ್ತದೆ. ಅದನ್ನು ನೋಡಿ ಬೆಳೆದ ಹುಡುಗ ಗ್ರಾಮಸಭೆಗೆ ಬಂದರೂ ಕಿರುಚುವುದನ್ನೇ ಮಾಡುತ್ತಾನೆ. ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪವನ್ನು ನೆನೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅಂಬಿಗನೂ ಇದ್ದ, ಹಗ್ಗ ಹೊಸೆಯುವವನೂ ಇದ್ದ. ಅಕ್ಕನನ್ನು ಕಠಿಣವಾಗಿ ಪ್ರಶ್ನಿಸಿದರು, ಅವಳ ಉತ್ತರವನ್ನೂ ಪೂರ್ತಿ ಕೇಳಿದರು.

ಇನ್ನೊಂದು ಕೇಡು ನಮಗೇ ಹತ್ತಿರದ್ದು. ಚುನಾವಣೆ ಬಂದರೆ ವಾಹಿನಿಗಳು ಬಣ್ಣದ ಪಟ್ಟಿ ಹಾಕಿಕೊಂಡು ಕೂರುತ್ತವೆ. ಲಿಂಗಾಯತ ಮತ ಇಷ್ಟು, ಇನ್ನೊಬ್ಬರ ಮತ ಅಷ್ಟು, ಈ ಕ್ಷೇತ್ರ ನಮ್ಮವರದು, ಆ ಕ್ಷೇತ್ರ ಅವರದು. ಆಮೇಲೆ ಒಳಪಂಗಡದ ಲೆಕ್ಕ. ಜಾತಿ ಬೇಡವೆಂದು ಹೊರಟವರ ಮಕ್ಕಳು ಈ ಪಟ್ಟಿಯಲ್ಲಿ ತಮ್ಮ ಪಂಗಡ ಹುಡುಕಿ ಖುಷಿಪಡುವುದನ್ನು ನೋಡಿದ್ದೇನೆ. ನಾವು ಹಿರಿಯರೂ ಖುಷಿಪಟ್ಟಿದ್ದೇವೆ. ಚರಂಡಿಗೆ ಜಾತಿ ಇಲ್ಲ. ಕೊಳವೆಬಾವಿ ಬತ್ತಿದರೆ ಎಲ್ಲರ ಮನೆಯ ಕೊಡವೂ ಖಾಲಿ. ವಾರ್ಡಿನ ಪ್ರಶ್ನೆ ಕೈಗೆತ್ತಿಕೊಂಡ ಹುಡುಗನಿಗೆ ಪಕ್ಕದ ಕೇರಿಯ ಹುಡುಗನ ಜೊತೆ ಕೂರದೆ ಬೇರೆ ದಾರಿಯಿಲ್ಲ. ಹೊನ್ನಾಳಿಯ ಆ ಏಳು ಜನ ಒಂದೇ ಜಾತಿಯವರಾಗಿರಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಟಿವಿಗೂ ಊರಿಗೂ ಇರುವ ಅಂತರ ನನಗೆ ಭದ್ರಾ ನಾಲೆಯ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಲಕ್ಕವಳ್ಳಿಯ ಜಲಾಶಯದ ಮಟ್ಟ ಇಂದು ಎಷ್ಟು ಅಡಿ ಎಂದು ಟಿವಿ ದಿನವೂ ಹೇಳುತ್ತದೆ. 186 ಅಡಿ ಮುಟ್ಟಿದರೆ ಬಾಗಿನ ಬಿಡುವುದನ್ನೂ ತೋರಿಸುತ್ತದೆ. ಆದರೆ ಅಚ್ಚುಕಟ್ಟಿನ ಕೊನೆಯ ಭಾಗದ ರೈತನಿಗೆ ಜಲಾಶಯ ತುಂಬಿದ್ದರಿಂದಲೇ ನೀರು ಬರುವುದಿಲ್ಲ. ಮೇಲಿನ ನಾಲೆ ಸರಿಯಿರಬೇಕು, ಉಪನಾಲೆಯ ಹೂಳು ತೆಗೆದಿರಬೇಕು, ತೂಬಿನ ಬಳಿ ಒಬ್ಬ ನಿಂತು ಸರದಿ ನೋಡಬೇಕು. ಟಿವಿ ಜಲಾಶಯ ತುಂಬಿದ್ದನ್ನು ತೋರಿಸುತ್ತದೆ, ತೂಬಿನ ಹತ್ತಿರ ಹೋಗಿ ನಿಲ್ಲುವವರು ನಾವೇ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೀಗೆ ಹೋಗಿ ನಿಲ್ಲಬೇಕಾದ ಜಾಗಗಳಿಗೆ ಕೊರತೆಯಿಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ. ಅದರ ಒತ್ತುವರಿ ತೆರವಾಗಲಿ, ಹೂಳು ತೆಗೆಯಲಿ ಎಂದು ಅಲ್ಲಿಯ ಯುವಕರು ಖಡ್ಗ ಎಂಬ ಸಂಘಟನೆ ಕಟ್ಟಿಕೊಂಡು ದನಿ ಎತ್ತಿದರು, ಪಾಂಡೋಮಟ್ಟಿ ವಿರಕ್ತ ಮಠದ ಶ್ರೀಗಳು ಅವರ ಜೊತೆ ನಿಂತರು. ಮಠ ಮತ್ತು ಯುವಕರು ಸೇರಿದರೆ ಒಂದು ಕೆರೆಯ ವಿಷಯ ಸರ್ಕಾರದ ಮೇಜಿನ ಮೇಲೆ ಹೇಗೆ ಬರುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ. ಜಗಳೂರು ಬರದ ಸೀಮೆ. ತುಂಗಭದ್ರೆಯಿಂದ ನೀರು ಎತ್ತಿ 57 ಕೆರೆ ತುಂಬಿಸುವ ಯೋಜನೆಯ ಹಿಂದೆ ಸಿರಿಗೆರೆ ಶ್ರೀಗಳ ಒತ್ತಾಸೆ ಇರುವುದು ಎಲ್ಲರಿಗೂ ತಿಳಿದದ್ದೇ. ಕೆರೆಗೆ ನೀರು ಬಂದ ಮೇಲೆ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುವವರು ಯಾರು? ಫ್ಲೋರೈಡ್ ನೀರಿಗೆ ಪರಿಹಾರವೆಂದು ಹಾಕಿದ ಶುದ್ಧ ನೀರಿನ ಘಟಕ ಕೆಟ್ಟರೆ ಕೇಳುವವರು ಯಾರು? ಹೊನ್ನಾಳಿಯಲ್ಲಿ ನದಿ ದಂಡೆಯ ಊರುಗಳಿಗೆ ಪ್ರವಾಹದ ಚಿಂತೆ. ನ್ಯಾಮತಿ 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕು. ತಾಲ್ಲೂಕು ಎಂಬ ಹೆಸರಿನ ಜೊತೆಗೆ ಬರಬೇಕಾದ ಯಾವ ಕಚೇರಿ ಬಂದಿದೆ, ಯಾವುದಕ್ಕೆ ಇನ್ನೂ ಹೊನ್ನಾಳಿಗೇ ಬಸ್ ಹತ್ತಬೇಕು ಎಂಬ ಪಟ್ಟಿಯನ್ನು ಅಲ್ಲಿಯ ಕಾಲೇಜು ವಿದ್ಯಾರ್ಥಿಗಳು ಒಂದು ವಾರದಲ್ಲಿ ಮಾಡಬಹುದು.

ಎಲ್ಲ ತಾಲ್ಲೂಕುಗಳಿಗೂ ಸೇರಿದ ಪ್ರಶ್ನೆ ಒಂದಿದೆ. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಅವು ನಡೆದವು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲಿನಲ್ಲಿ ಜಾರಿಗೆ ಬಂದದ್ದೇ ಹೀಗಾಗಬಾರದು ಎಂದು. ಅಧಿಕಾರಕ್ಕೆ ಯಾವ ಪಕ್ಷ ಬಂದರೂ ಇದೇ ಕಥೆ. ಒಬ್ಬ ಶಾಸಕರ ಮುನಿಸಿಗೆ ಮೂರು ದಿನ ಮೀಸಲಿಡುವ ವಾಹಿನಿಗಳು ಈ ವಿಷಯಕ್ಕೆ ಎಷ್ಟು ಗಂಟೆ ಕೊಟ್ಟಿವೆ ಎಂದು ನೋಡುಗರೇ ಲೆಕ್ಕ ಹಾಕಲಿ. ಟಿವಿಯಲ್ಲಿ ಏನು ಬರುತ್ತದೆ ಎಂಬುದನ್ನು ಗಮನಿಸುವಂತೆಯೇ ಏನು ಬರುವುದಿಲ್ಲ ಎಂಬುದನ್ನು ಗಮನಿಸಲೂ ಯುವಕರಿಗೆ ಕಲಿಸಬೇಕು.

ಮಠಗಳು ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ನಮ್ಮ ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳು ಓದುತ್ತಿದ್ದಾರೆ. ಸಭಾಂಗಣ ಇದೆ, ದೊಡ್ಡ ಪರದೆ ಇದೆ, ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಸುವ ರೂಢಿ ಇದೆ. ಅಧಿವೇಶನ ನಡೆಯುವ ತಿಂಗಳಲ್ಲಿ ಒಂದು ಗೋಷ್ಠಿಯನ್ನು ಇದಕ್ಕೆ ಬಿಡೋಣ. ವಿಧಾನಸಭೆಯ ಅಥವಾ ಲೋಕಸಭೆಯ ಪ್ರಶ್ನೋತ್ತರ ಅವಧಿಯ ಮುಕ್ಕಾಲು ಗಂಟೆ ತೋರಿಸೋಣ. ಸ್ಟುಡಿಯೋ ಚರ್ಚೆ ಬೇಡ, ಪಕ್ಷದ ಭಾಷಣ ಬೇಡ. ನೋಡಿದ ಮೇಲೆ ಮಕ್ಕಳೇ ಹೇಳಲಿ: ಪ್ರಶ್ನೆ ಏನಿತ್ತು, ಉತ್ತರ ಬಂತೇ, ಅಥವಾ ಮಾತು ಬೇರೆ ಕಡೆ ಹೋಯಿತೇ? ಇದೇ ಪ್ರಶ್ನೆ ನಮ್ಮ ಊರಿನದಾದರೆ ಯಾರನ್ನು ಕೇಳಬೇಕು? 2019ರ ಆಗಸ್ಟಿನಲ್ಲಿ ಸಾಣೇಹಳ್ಳಿ ಶ್ರೀಗಳು ನಡೆಸಿದ ಮತ್ತೆ ಕಲ್ಯಾಣ ಅಭಿಯಾನದಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳು ಎದ್ದು ನಿಂತು ಪ್ರಶ್ನೆ ಕೇಳಿದರು. ಅವಕಾಶ ಕೊಟ್ಟರೆ ಮಕ್ಕಳು ಕೇಳುತ್ತಾರೆ ಎಂಬುದು ಅಲ್ಲಿ ಕಂಡಿತು.

ಗೋಷ್ಠಿ ಅಲ್ಲಿಗೇ ನಿಂತರೆ ಅದೂ ಇನ್ನೊಂದು ಟಿವಿ ಕಾರ್ಯಕ್ರಮವಾಗುತ್ತದೆ. ಆದ್ದರಿಂದ ಮುಂದಿನ ವಾರ್ಡ್ ಸಭೆಗೋ ಗ್ರಾಮಸಭೆಗೋ ಒಂದು ಗುಂಪು ಹೋಗಲೇಬೇಕು. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಇವು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಹೋಗುವಾಗ ಒಂದೇ ವಿಷಯ, ಮೂರೇ ಪ್ರಶ್ನೆ ಸಾಕು. 2020ರಿಂದ ಇರುವ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ತಮ್ಮ ಪಂಚಾಯಿತಿಯ ಯೋಜನೆ, ಖರ್ಚುಗಳನ್ನು ಮೊದಲೇ ನೋಡಿಕೊಂಡು ಹೋದರೆ ಕಡತ ಎಲ್ಲೋ ಇದೆ ಎಂಬ ಉತ್ತರಕ್ಕೆ ಎಡೆ ಇರುವುದಿಲ್ಲ. ನನ್ನಂಥ ನಿವೃತ್ತ ಇಂಜಿನಿಯರು, ಮೇಷ್ಟ್ರು, ಲೆಕ್ಕಿಗರು ಪ್ರತಿ ಊರಿನಲ್ಲೂ ಇದ್ದಾರೆ. ಎಸ್ಟಿಮೇಟ್ ಓದುವುದು, ಅರ್ಜಿ ಬರೆಯುವುದು ಹೇಳಿಕೊಡಲು ಭಾನುವಾರದ ಎರಡು ಗಂಟೆ ಸಾಕು. ಸೇವೆಯಲ್ಲಿದ್ದಾಗ ಮೌನವಾಗಿದ್ದ ನಮ್ಮಂಥವರಿಗೆ ಇದು ಒಂದು ಬಗೆಯ ಸಾಲ ತೀರಿಸುವ ಕೆಲಸವೂ ಹೌದು.

ಹೆಣ್ಣುಮಕ್ಕಳನ್ನು ಇದರಲ್ಲಿ ಹಿಂದೆ ಬಿಡಬಾರದು. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿದೆ. ಆದರೆ ಎಷ್ಟೋ ಕಡೆ ಸದಸ್ಯೆಯ ಹೆಸರು ಫಲಕದಲ್ಲಿ, ಗಂಡನ ಮಾತು ಸಭೆಯಲ್ಲಿ. ಸದನದಲ್ಲಿ ಮಹಿಳಾ ಸದಸ್ಯರು ಎದ್ದು ಮಂತ್ರಿಯನ್ನು ನೇರವಾಗಿ ಪ್ರಶ್ನಿಸುವುದನ್ನು ನೋಡಿದ ಹುಡುಗಿ ಮುಂದೆ ತನ್ನ ಬದಲು ಇನ್ನೊಬ್ಬರು ಮಾತಾಡಲು ಸುಲಭವಾಗಿ ಬಿಡಲಾರಳು. ಹದಿನೆಂಟು ತುಂಬಿದವರ ಹೆಸರು ಮತದಾರರ ಪಟ್ಟಿಗೆ ಸೇರಿದೆಯೇ ಎಂದೂ ಗೋಷ್ಠಿಯಲ್ಲೇ ವಿಚಾರಿಸಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಾಂಕಗಳಲ್ಲಿ ಯಾವುದಕ್ಕೆ ತುಂಬಿದರೂ ಹೆಸರು ಸೇರಿಸಬಹುದು. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ಮಠಕ್ಕೆ ರಾಜಕೀಯ ಯಾಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯಾರಿಗೆ ಮತ ಹಾಕಬೇಕು ಎಂದು ಮಠ ಹೇಳಬಾರದು, ಪಕ್ಷದವರನ್ನು ಈ ಗೋಷ್ಠಿಯ ವೇದಿಕೆಗೆ ಕರೆಯಲೂ ಬಾರದು. ಕೊಟ್ಟ ಹಣಕ್ಕೆ ಲೆಕ್ಕ ಕೇಳಲು ಕಲಿಸುವುದು ಮಾತ್ರ ಪಕ್ಷ ರಾಜಕೀಯವಲ್ಲ. ಬಸವಣ್ಣನವರ ಅಂಗಳದಿಂದ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಸಲ್ಲದು, ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಅವಳು ಲೆಕ್ಕ ಕೇಳಿದ್ದು ಮೊದಲು ತನ್ನ ಮನೆಯಲ್ಲೇ.

ಅದಕ್ಕೇ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪಂಚಾಯಿತಿಯ ಲೆಕ್ಕ ಕೇಳಲು ಕಲಿತ ಯುವಕರು ಒಂದು ದಿನ ಮಠದ ಲೆಕ್ಕವನ್ನೂ, ಸಮಾಜದ ಸಂಘಗಳ ಲೆಕ್ಕವನ್ನೂ, ಸರ್ಕಾರದಿಂದ ನಮ್ಮ ಸಂಸ್ಥೆಗಳಿಗೆ ಬಂದ ಅನುದಾನದ ಲೆಕ್ಕವನ್ನೂ ಕೇಳುತ್ತಾರೆ. ಅಂದು ನಮಗೆ ಸಿಟ್ಟು ಬರಬಾರದು. ಹಾಗೆ ಕೇಳುವವರು ಬೇಡವೆಂದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಬೇಕೆಂದರೆ ಮಠದ ವಾರ್ಷಿಕ ಜಮಾ ಖರ್ಚನ್ನು ಅದೇ ಸಭಾಂಗಣದ ಫಲಕದ ಮೇಲೆ ಅಂಟಿಸಿ ಗೋಷ್ಠಿ ಆರಂಭಿಸೋಣ.

ಈ ಸಂಚಿಕೆ ನಿಮ್ಮ ಕೈಗೆ ಬಂದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಿಡಿಒ ಅವರಲ್ಲಿ ವಿಚಾರಿಸಿ. ಮನೆಯ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ಒಂದು ಪುಟದಲ್ಲಿ ಬರೆದು ನಮಗೆ ಕಳಿಸಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬಂದ ಪತ್ರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಉತ್ತರ ಸಿಗದೆ ವಾಪಸ್ಸು ಬಂದಿದ್ದರೆ ಅದನ್ನೂ ಬರೆಯಿರಿ.